ನಿಂತ ಜೀಪ್ ಉರುಳಿಸಲು ಜಿಪ್ಸಿ ಚಕ್ರ

ಚಕ್ರವಿಲ್ಲದೆ ನಿಂತ ಹಳೇ ವಿಲ್ಲಿಸ್ ಜೀಪನ್ನು ಲಾರಿಗೆ ಏರಿಸಬೇಕಿದ್ದರೆ ಕಲಬುರಗಿಯ ಗುಜರಿಯಲ್ಲಿ ಮಾರುತಿ ಜಿಪ್ಸಿ ಚಕ್ರ ಹುಡುಕ್ರಿ. ಎರಡಕ್ಕೂ ಐದು ಸ್ಟಡ್ (ಚಕ್ರ ಬಿಗಿಯುವ ಬೋಲ್ಟ್), ಅವುಗಳ ಮಧ್ಯ ಹಾದುಹೋಗುವ ವೃತ್ತದ ವ್ಯಾಸ 139.7 ಮಿ.ಮೀ.; ಪಕ್ಕಪಕ್ಕದ ಸ್ಟಡ್‌ಗಳ ನಡುವೆ, ಮಧ್ಯದಿಂದ ಮಧ್ಯಕ್ಕೆ, 82 ಮಿ.ಮೀ. ಬರಬೇಕು. ಜೀಪಿನ ಹಬ್ (ಚಕ್ರ ಕೂರುವ ನಡುಭಾಗ) ಒಳಗೆ ಕೂರುತ್ತದೋ ಇಲ್ಲವೋ, ರಿಮ್ಮಿನ ನಡುವಿನ ತೂತನ್ನೂ ಅಳೆದೇ ಕೊಳ್ಳಿ. ನಟ್ ಮಾತ್ರ ಜೀಪಿನದೇ ಬೇಕು: ಅದರ ಸ್ಟಡ್ ಅರ್ಧ ಇಂಚು, ಜಿಪ್ಸಿಯದು 12 ಮಿ.ಮೀ. ಜೀಪಿನ ಎಡಬದಿಯ ನಟ್ ಸಾಮಾನ್ಯವಾಗಿ ಉಲ್ಟಾ ತಿರುಗುತ್ತದೆ, ಬಲ ಹಾಕಿ ಸ್ಟಡ್ ಮುರೀಬ್ಯಾಡ್ರಿ. ನಮ್ಮ ಎರೆಮಣ್ಣಿನಲ್ಲಿ ಜ್ಯಾಕ್ ಹೂತುಹೋಗುತ್ತದೆ. ಕೆಳಗೆ ಶಹಾಬಾದ್ ಕಲ್ಲು, ಅದರ ಮೇಲೆ ದಪ್ಪ ಹಲಗೆ. ಬ್ರೇಕ್ ಡ್ರಮ್ ಅಥವಾ ಬೇರಿಂಗ್ ತುಕ್ಕು ಹಿಡಿದಿದ್ದರೆ ಯಾವ ಚಕ್ರ ಹಾಕಿದರೂ ಉರುಳದು. ಇದು ಅಂಗಳದಿಂದ ಲಾರಿವರೆಗೆ ತಳ್ಳಲು ಮಾತ್ರ, ರಸ್ತೆಯಲ್ಲಿ ಓಡಿಸಲು ಅಲ್ಲ.