ಡೂಲಿನ್‌ನಲ್ಲಿ ಎರಡು ರಾತ್ರಿ: ಎಂಟು ಜನರ ಗುಂಪು ಕಡಿಮೆ ಖರ್ಚಿನಲ್ಲಿ ಐರ್ಲೆಂಡಿನ ಪಶ್ಚಿಮ ಕರಾವಳಿ ನೋಡುವ ಬಗೆ

ಡಬ್ಲಿನ್‌ನಲ್ಲಿ ಓದುವ, ಕೆಲಸ ಮಾಡುವ ನಮ್ಮವರು ವಾರಾಂತ್ಯಕ್ಕೆ ಎಲ್ಲಿಗಾದರೂ ಹೋಗೋಣ ಎಂದರೆ ಮೊದಲು ಬರುವ ಹೆಸರು ಕಡಲದಡದ ಕಲ್ಲುಕಂಬಗಳ ಜಯಂಟ್ಸ್ ಕಾಸ್‌ವೇ. ಅದು ಇರುವುದು ಉತ್ತರ ಐರ್ಲೆಂಡಿನಲ್ಲಿ, ಅಂದರೆ ಬ್ರಿಟನ್ನಿಗೆ ಸೇರಿದ ನೆಲದಲ್ಲಿ. ಗಡಿಯಲ್ಲಿ ಗೇಟು ಕಾಣದಿದ್ದರೂ ಭಾರತದ ಪಾಸ್‌ಪೋರ್ಟ್ ಇರುವವರಿಗೆ ಬ್ರಿಟನ್ ವೀಸಾ ಬೇಕು, ಐರ್ಲೆಂಡಿನ ರೆಸಿಡೆನ್ಸ್ ಪರ್ಮಿಟ್ ಅದಕ್ಕೆ ಸಾಲದು. ಎಂಟು ಜನರಲ್ಲಿ ಒಬ್ಬರಿಗೆ ವೀಸಾ ಇಲ್ಲದಿದ್ದರೂ ಕಾರ್ಯಕ್ರಮ ಕೆಡುತ್ತದೆ. ಅದಕ್ಕೇ ನಾವು ಪಶ್ಚಿಮಕ್ಕೆ, ಕ್ಲೇರ್ ಕೌಂಟಿಯ ಡೂಲಿನ್‌ಗೆ ಹೋಗುತ್ತೇವೆ. ಎರಡೂ ರಾತ್ರಿ ಅಲ್ಲೇ ತಂಗುತ್ತೇವೆ. ಗಾಲ್ವೇ, ಕಾನೆಮಾರಾ, ಕಿಲಾರ್ನಿ ಎಲ್ಲವನ್ನೂ ಒಂದೇ ವಾರಾಂತ್ಯಕ್ಕೆ ತುರುಕಿದರೆ ಪೆಟ್ರೋಲಿಗೂ ಊಟಕ್ಕೂ ದುಡ್ಡು ಹೋಗುತ್ತದೆ, ಕಣ್ಣಿಗೆ ಬೀಳುವುದು ಹೈವೇ ಮಾತ್ರ.

ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಸರಿಯಾದ ಕಾಲ. ಚಳಿಗಾಲದಲ್ಲಿ ಡೂಲಿನ್‌ನಿಂದ ದೋಣಿ ಇರುವುದಿಲ್ಲ, ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆ ಕತ್ತಲೆ. ಜೂನಿನಲ್ಲಾದರೆ ರಾತ್ರಿ ಹತ್ತರವರೆಗೂ ಬೆಳಕು. ಬ್ಯಾಂಕ್ ಹಾಲಿಡೇ ಸೋಮವಾರ ಬರುವ ವಾರಾಂತ್ಯಗಳನ್ನು ಬಿಡಿ. ಸೆಪ್ಟೆಂಬರಿನ ವಾರಾಂತ್ಯಗಳೂ ಬೇಡ: ಪಕ್ಕದ ಲಿಸ್ಡೂನ್‌ವಾರ್ನಾದಲ್ಲಿ ಗಂಡು ಹೆಣ್ಣು ಕೂಡಿಸುವ ಹಳೆಯ ಜಾತ್ರೆ ತಿಂಗಳಿಡೀ ನಡೆಯುತ್ತದೆ, ಸುತ್ತಲ ಹಾಸ್ಟೆಲುಗಳಲ್ಲಿ ಹಾಸಿಗೆ ಸಿಗುವುದು ಕಷ್ಟ.

ಎಂಟು ಜನಕ್ಕೆ ಒಂಬತ್ತು ಸೀಟಿನ ವ್ಯಾನಿಗಿಂತ ಎರಡು ಸಣ್ಣ ಕಾರು ಮೇಲು. ವ್ಯಾನಿನ ಬಾಡಿಗೆಯೂ ಡೆಪಾಸಿಟ್ಟೂ ಹೆಚ್ಚು, ಕ್ಲೇರ್‌ನ ಕಿರಿದಾದ ದಾರಿಗಳಲ್ಲಿ ಎದುರಿಗೆ ಟ್ರ್ಯಾಕ್ಟರ್ ಬಂದರೆ ಹಿಂದೆ ಸರಿಯುವುದೂ ಕಷ್ಟ. ಕಾರು ಓಡಿಸುವವರ ಹೆಸರಿನಲ್ಲೇ ಕ್ರೆಡಿಟ್ ಕಾರ್ಡ್ ಇರಬೇಕು, ಡೆಬಿಟ್ ಕಾರ್ಡನ್ನು ಹಲವು ಕಡೆ ಒಪ್ಪುವುದಿಲ್ಲ. ಇಪ್ಪತ್ತೈದರ ಒಳಗಿನವರಿಗೆ ಕಾರು ಸಿಕ್ಕರೂ ಹೆಚ್ಚು ಹಣ ಕೇಳುತ್ತಾರೆ. ಗೇರ್ ಗಾಡಿ ಅಗ್ಗ, ಆಟೋಮ್ಯಾಟಿಕ್ ದುಬಾರಿ. ಭೇಟಿಗೆ ಬಂದವರು ಭಾರತದ ಲೈಸೆನ್ಸಿನಲ್ಲಿ 12 ತಿಂಗಳವರೆಗೆ ಓಡಿಸಬಹುದು. ಐರ್ಲೆಂಡಿನಲ್ಲೇ ನೆಲೆಸಿದವರ ಭಾರತದ ಲೈಸೆನ್ಸನ್ನು ಹಾಗೇ ಬದಲಾಯಿಸಿ ಕೊಡುವುದಿಲ್ಲ, ಪರೀಕ್ಷೆಯಿಂದ ಶುರು ಮಾಡಬೇಕು. ಯಾರು ಓಡಿಸುತ್ತಾರೆ ಎಂಬುದು ಹಾಸ್ಟೆಲ್ ಬುಕ್ ಮಾಡುವ ಮುಂಚೆಯೇ ತೀರ್ಮಾನವಾಗಿರಲಿ.

ಶುಕ್ರವಾರ ಸಂಜೆ ಏಳಕ್ಕೆ ಮೊದಲು ಹೊರಟರೆ ಡಬ್ಲಿನ್ ಸುತ್ತುವ ಎಂ50 ಹೈವೇಯಲ್ಲೇ ಸಿಕ್ಕಿಕೊಳ್ಳುತ್ತೀರಿ. ಎಂ4, ಎಂ6 ಹಿಡಿದು ಅಥೆನ್ರೈ ಹತ್ತಿರ ಎಂ18ಕ್ಕೆ ಇಳಿದು, ಗಾರ್ಟ್‌ನಲ್ಲಿ ಹೈವೇ ಬಿಡಬೇಕು. ಎಂ4, ಎಂ6 ಎರಡರಲ್ಲೂ ಟೋಲ್ ಬೂತಿದೆ. ಎಂ50ಯ ಟೋಲಿಗೆ ಮಾತ್ರ ಬೂತೇ ಇಲ್ಲ, ಆ ತುಂಡಿನಲ್ಲಿ ಹೋದರೆ ಮರುದಿನ ರಾತ್ರಿ ಎಂಟರೊಳಗೆ ಆನ್‌ಲೈನಿನಲ್ಲಿ ಕಟ್ಟಬೇಕು. ಮರೆತರೆ ಬಾಡಿಗೆ ಕಂಪನಿಯವರು ದಂಡದ ಮೇಲೆ ತಮ್ಮ ಶುಲ್ಕವನ್ನೂ ಸೇರಿಸುತ್ತಾರೆ. 2025ರ ಫೆಬ್ರವರಿಯಿಂದ ಹಳ್ಳಿಗಾಡಿನ ಸ್ಥಳೀಯ ರಸ್ತೆಗಳ ಮಿತಿ ಗಂಟೆಗೆ 80ರಿಂದ 60 ಕಿಲೋಮೀಟರಿಗೆ ಇಳಿದಿದೆ, ಹಳೆಯ ಮ್ಯಾಪು ತೋರಿಸುವ ವೇಗ ನಂಬಬೇಡಿ.

ಶನಿವಾರ ಮೊದಲು ಅರಾನ್ ದ್ವೀಪ, ಭಾನುವಾರ ಕಡಲಂಚಿನ ಮೋಹರ್ ಬಂಡೆ. ಈ ಕ್ರಮವನ್ನು ನಾವು ಎಂದೂ ಅದಲು ಬದಲು ಮಾಡುವುದಿಲ್ಲ. ಅಟ್ಲಾಂಟಿಕ್ ಕೆರಳಿದರೆ ದೋಣಿ ರದ್ದಾಗುತ್ತದೆ, ಆಗ ಭಾನುವಾರಕ್ಕೆ ಟಿಕೆಟ್ ಬದಲಾಯಿಸಿಕೊಳ್ಳಲು ಜಾಗ ಇರಬೇಕು. ಅರಾನ್ ದ್ವೀಪಗಳು ಮೂರು. ಡೂಲಿನ್‌ಗೆ ಹತ್ತಿರದ್ದು, ಎಲ್ಲಕ್ಕಿಂತ ಚಿಕ್ಕದ್ದು ಇನಿಶೀರ್. ಬರುವಾಗ ಮೋಹರ್ ಬಂಡೆಗಳ ಬುಡದಲ್ಲಿ ಸುತ್ತಿಸಿಕೊಂಡು ಬರುವ ಜೋಡಿ ಟಿಕೆಟ್ ತೆಗೆದುಕೊಳ್ಳಿ. 214 ಮೀಟರ್ ಎತ್ತರ ಏನೆಂದು ತಿಳಿಯುವುದು ಕೆಳಗಿನಿಂದ ನೋಡಿದಾಗಲೇ. ಜುಲೈ ಮುಗಿಯುವುದರೊಳಗೆ ಹೋದರೆ ಪಫಿನ್ ಹಕ್ಕಿಗಳೂ ಕಾಣುತ್ತವೆ. ವಾಂತಿ ಬರುವವರು ಹೊರಡುವ ಒಂದು ಗಂಟೆ ಮೊದಲೇ ಮಾತ್ರೆ ನುಂಗಲಿ, ದೋಣಿ ಅಲುಗಾಡಿದ ಮೇಲೆ ನುಂಗಿದರೆ ಪ್ರಯೋಜನವಿಲ್ಲ.

ಇನಿಶೀರ್‌ನಲ್ಲಿ ಸೈಕಲ್, ಕುದುರೆಗಾಡಿ ಎರಡೂ ಸಿಗುತ್ತವೆ. ನಾವು ನಡೆಯುತ್ತೇವೆ, ಮೂರು ನಾಲ್ಕು ಗಂಟೆಯಲ್ಲಿ ಊರು ಮುಗಿಯುತ್ತದೆ. 1960ರಲ್ಲಿ ಬಂಡೆಗೆ ಬಡಿದ ಪ್ಲಾಸಿ ಎಂಬ ಹಡಗು ತುಕ್ಕು ಹಿಡಿದು ದಡದಲ್ಲೇ ಬಿದ್ದಿದೆ. ಅದರಲ್ಲಿದ್ದ ಹನ್ನೊಂದೂ ಜನರನ್ನು ಉಳಿಸಿದವರು ದ್ವೀಪದವರು. ದಾರಿಯುದ್ದಕ್ಕೂ ಗಾರೆಯಿಲ್ಲದೆ ಕಟ್ಟಿದ ಕಲ್ಲುಗೋಡೆಗಳು. ಬಹಳಷ್ಟು ಹೊಲಗಳಿಗೆ ಬಾಗಿಲೇ ಇರುವುದಿಲ್ಲ. ಗೋಡೆಯ ಒಂದು ಕಡೆ ದುಂಡನೆಯ ಸಡಿಲ ಕಲ್ಲು ಪೇರಿಸಿರುತ್ತಾರೆ, ದನ ಹೋಗಬೇಕಾದಾಗ ಅವನ್ನು ಇಳಿಸಿ, ಮತ್ತೆ ಪೇರಿಸುತ್ತಾರೆ. ಗಾರೆ ಇಲ್ಲದ್ದರಿಂದ ಒಂದು ಕಲ್ಲಿನ ಭಾರ ಇನ್ನೊಂದರ ಮೇಲೆ ಕೂತಿದೆ. ಫೋಟೋಗೆಂದು ಒಬ್ಬರು ಹತ್ತಿದರೂ ಒಂದು ಮಾರು ಗೋಡೆ ಜಾರುತ್ತದೆ. ಆ ಹೊಲದ ಮಣ್ಣು ಕೂಡ ಮರಳು, ಕಡಲಕಳೆ ಹೊತ್ತು ತಂದು ಬಂಡೆಯ ಮೇಲೆ ಹರಡಿ ತಲೆಮಾರುಗಟ್ಟಲೆ ಮಾಡಿಕೊಂಡದ್ದು. ದಯವಿಟ್ಟು ಹತ್ತಬೇಡಿ. ದ್ವೀಪದ ಮನೆಮಾತು ಐರಿಷ್. ಶೌಚಾಲಯದ ಬಾಗಿಲಲ್ಲಿ ‘ಮ್ನಾ’ ಎಂದಿದ್ದರೆ ಹೆಂಗಸರದು, ‘ಫಿರ್’ ಎಂದಿದ್ದರೆ ಗಂಡಸರದು.

ಊಟಕ್ಕೆ ಮೊದಲೇ ಗಾರ್ಟ್ ಅಥವಾ ಎನ್ನಿಸ್‌ನ ಸೂಪರ್‌ಮಾರ್ಕೆಟ್ಟಿನಲ್ಲಿ ಸಾಮಾನು ಕೊಳ್ಳಿ. ಹಾಸ್ಟೆಲಿನ ಅಡುಗೆಮನೆಯಲ್ಲಿ ಬೆಳಿಗ್ಗೆ ಉಪ್ಪಿಟ್ಟು: ಎಂಟು ಜನಕ್ಕೆ ಒಂದು ಕಿಲೋ ರವೆ ಹೇರಳ. ಬುತ್ತಿಗೆ ಗೊಜ್ಜವಲಕ್ಕಿ, ಗಾಳಿಯಲ್ಲೂ ಕೈಯಲ್ಲೇ ತಿನ್ನಬಹುದು. ದಿನಕ್ಕೊಂದು ಊಟ ಮಾತ್ರ ಪಬ್ಬಿನಲ್ಲಿ. ಸಸ್ಯಾಹಾರಿಗಳಿಗೆ ತರಕಾರಿ ಸೂಪು, ಜೊತೆಗೆ ಕಂದು ಸೋಡಾ ಬ್ರೆಡ್ ಸಾಕು. ಯೀಸ್ಟ್ ಹಾಕದೆ ಮಜ್ಜಿಗೆ, ಅಡುಗೆ ಸೋಡಾದಲ್ಲಿ ಉಬ್ಬಿಸುವ ಬ್ರೆಡ್ ಅದು. ಸೂಪಿಗೆ ಕೋಳಿ ಸ್ಟಾಕ್ ಹಾಕಿದ್ದಾರೆಯೇ ಎಂದು ಕೇಳಲೇಬೇಕು. ಅಡುಗೆಮನೆ ರಾತ್ರಿ ಒಂಬತ್ತಕ್ಕೆ ಮುಚ್ಚುವುದು ಮಾಮೂಲು. ಬಾಟಲಿ ನೀರು ಕೊಳ್ಳಬೇಡಿ, ನಲ್ಲಿ ನೀರೇ ಕುಡಿಯಬಹುದು.

ನಿಜವಾಗಿ ಹಣ, ಸಮಯ ಎರಡನ್ನೂ ಎತ್ತಿಡಬೇಕಾದ್ದು ಶನಿವಾರ ರಾತ್ರಿ ಪಬ್ಬಿನಲ್ಲಿ ನಡೆಯುವ ಸಂಗೀತದ ಕೂಟಕ್ಕೆ, ಅಂದರೆ ಸೆಷನ್ನಿಗೆ. ಟಿನ್ ವಿಸಲ್ ಎಂಬ ತಗಡಿನ ಪುಟ್ಟ ಕೊಳಲು ನುಡಿಸುತ್ತಿದ್ದ ಮೈಕೋ ರಸೆಲ್ ಅವರಂಥವರ ಊರಿದು. ಇಲ್ಲಿನ ಪಬ್ಬುಗಳಲ್ಲಿ ಸಂಗೀತಕ್ಕೆ ವೇದಿಕೆಯಿಲ್ಲ, ಟಿಕೆಟ್ಟೂ ಇಲ್ಲ. ಮೂಲೆಯ ಒಂದು ಮೇಜಿನ ಸುತ್ತ ಪಿಟೀಲು, ಕೊಳಲು, ಕೈಯಲ್ಲಿ ಹಿಗ್ಗಿಸಿ ಕುಗ್ಗಿಸಿ ನುಡಿಸುವ ಕನ್ಸರ್ಟಿನಾ, ಮೇಕೆ ಚರ್ಮದ ತಮಟೆಯಂಥ ಬೌರಾನ್ ಹಿಡಿದು ಕೂರುತ್ತಾರೆ. ಶುರುವಾಗುವುದು ಒಂಬತ್ತೂವರೆಗೆ, ನಾವು ಎಂಟೂವರೆಗೇ ಹೋಗುತ್ತೇವೆ. ಮೂಲೆಯ ಖಾಲಿ ಕುರ್ಚಿಗಳು ವಾದ್ಯಗಾರರಿಗೆ ಮೀಸಲು, ಕೂರಬೇಡಿ. ಎಂಟೂ ಜನ ಒಂದೇ ಕಡೆ ಗುಂಪುಗೂಡಿದರೆ ಮಾತು ಜೋರಾಗುತ್ತದೆ, ಎರಡು ಮೂರು ಜನರಂತೆ ಹಂಚಿಕೊಳ್ಳಿ. ಎರಡು ಮೂರು ಧುನ್‌ಗಳನ್ನು ಹೆಣೆದು, ಒಂದೊಂದನ್ನೂ ಎರಡು ಮೂರು ಸಲ ನುಡಿಸಿ, ನಿಲ್ಲಿಸದೆ ಮುಂದಿನದಕ್ಕೆ ಹಾರುತ್ತಾರೆ. ಆ ಜಿಗಿತ ಹಿಡಿಯಲು ಕಿವಿ ಕೊಡಿ. ಜಿಗ್‌ನಲ್ಲಿ ಮೂರು ಮೂರರ ಎಣಿಕೆ, ರೀಲ್‌ನಲ್ಲಿ ನಾಲ್ಕರದು; ಎರಡೂ ಕುಣಿತದ ಧುನ್ ಬಗೆಗಳು. ಬೆರಳಲ್ಲಿ ಎಣಿಸಿದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಚಪ್ಪಾಳೆ ತಾಳ ಹಾಕಬೇಡಿ, ಸಂದಣಿಯ ಚಪ್ಪಾಳೆ ಮೆಲ್ಲಗೆ ವೇಗ ಹೆಚ್ಚಿಸಿಕೊಳ್ಳುತ್ತದೆ, ನುಡಿಸುವವರ ಲಯ ಕೆಡುತ್ತದೆ. ಯಾರಾದರೂ ಒಂಟಿಯಾಗಿ ಹಾಡಲು ತೊಡಗಿದರೆ ಗ್ಲಾಸಿನ ಸದ್ದೂ ಬೇಡ. ಒಬ್ಬೊಬ್ಬರು ಸರದಿಯಲ್ಲಿ ಎಲ್ಲರಿಗೂ ಕೊಡಿಸುವ ‘ರೌಂಡ್’ ಪದ್ಧತಿಗೆ ಎಂಟು ಜನ ಇಳಿದರೆ ಬಜೆಟ್ ಒಂದೇ ರಾತ್ರಿಗೆ ಮುಗಿಯಿತು. ನಮ್ಮನಮ್ಮದು ನಾವೇ ಕೊಳ್ಳುವುದು ಎಂದು ಕಾರಿನಲ್ಲೇ ಮಾತಾಡಿಕೊಳ್ಳಿ. ಮಕ್ಕಳಿದ್ದರೆ ರಾತ್ರಿ ಒಂಬತ್ತಕ್ಕೆ, ಮೇಯಿಂದ ಸೆಪ್ಟೆಂಬರ್‌ವರೆಗೆ ಹತ್ತಕ್ಕೆ, ಪಬ್ಬಿನಿಂದ ಹೊರಡಬೇಕು, ಅದು ಕಾನೂನು.

ಭಾನುವಾರ ಬೆಳಿಗ್ಗೆ ಬೇಗ ಮೋಹರ್. ಟಿಕೆಟ್ಟಿನ ಬೆಲೆ ಹೊತ್ತಿನ ಮೇಲೆ ಹೋಗುತ್ತದೆ, ಬೆಳಗಿನದು ಅಗ್ಗ, ಪಾರ್ಕಿಂಗ್ ಅದರಲ್ಲೇ ಸೇರಿದೆ. ಅಲೆಗಳು ಬಂಡೆಯನ್ನು ಕೆಳಗಿನಿಂದ ಕೊರೆಯುವುದರಿಂದ ಅಂಚಿನ ಹುಲ್ಲಿನಡಿ ಏನೂ ಇಲ್ಲದಿರಬಹುದು. ಮುಚ್ಚಿದ ದಾರಿ ಯಾವುದೆಂದು ನೋಡಿಕೊಂಡೇ ಹೊರಡಿ, ಬೇಲಿ ದಾಟಬೇಡಿ. ಕೊಡೆ ಒಯ್ಯಬೇಡಿ, ಗಾಳಿಗೆ ಮುರಿಯುತ್ತದೆ. ಟೋಪಿ ಇರುವ ಮಳೆ ಜಾಕೆಟ್ ಬೇಕು.

ವಾಪಸ್ ದಾರಿ ಬರೆನ್ ಎಂಬ ಸುಣ್ಣಕಲ್ಲಿನ ಬೋಳು ಬೆಟ್ಟಸೀಮೆಯ ಮೇಲಿಂದ. ಪೌಲ್ನಬ್ರೋನ್‌ನ ಕಲ್ಗೋರಿ ನೋಡಲು ದುಡ್ಡಿಲ್ಲ. ಐದು ಸಾವಿರ ವರ್ಷಕ್ಕೂ ಹಳೆಯದು, 1980ರ ದಶಕದ ಉತ್ಖನನದಲ್ಲಿ ಮೂವತ್ತಕ್ಕೂ ಹೆಚ್ಚು ಜನರ ಮೂಳೆ ಸಿಕ್ಕಿವೆ. ಸುತ್ತಲ ಸುಣ್ಣಕಲ್ಲಿನ ಬಿರುಕುಗಳೊಳಗೆ ಬಗ್ಗಿ ನೋಡಿ: ಮೇಲೆ ಬೋಳು ಬಂಡೆ, ಒಳಗೆ ತೇವ, ಜರೀಗಿಡ. ಮೇ ತಿಂಗಳಲ್ಲಿ ಸುತ್ತಲ ಹುಲ್ಲಿನಲ್ಲಿ ಕಡುನೀಲಿ ಜೆಂಷಿಯನ್ ಹೂ. ಇಲ್ಲಿ ದನಗಳನ್ನು ಬೆಟ್ಟಕ್ಕೆ ಹೊಡೆಯುವುದು ಚಳಿಗಾಲದಲ್ಲಿ. ಅವು ಒಣ ಹುಲ್ಲು ಮೇಯ್ದುಬಿಡುತ್ತವೆ, ಅದರಿಂದಲೇ ವಸಂತದಲ್ಲಿ ಹೂವಿಗೆ ಬೆಳಕು ಸಿಗುತ್ತದೆ. ಒದ್ದೆ ಸುಣ್ಣಕಲ್ಲು ಜಾರುತ್ತದೆ, ಪಾದದ ಗಿಣ್ಣು ಮುಚ್ಚುವ ಶೂ ಇರಲಿ. ಕಲ್ಲು ಕಿತ್ತು ಗೋಪುರ ಪೇರಿಸಬೇಡಿ.

ತಲೆಗೆ ಸುಮಾರು ಖರ್ಚು: ಎರಡು ರಾತ್ರಿ ಹಾಸಿಗೆ 70 ಯೂರೋ, ಕಾರು ಪೆಟ್ರೋಲು ಟೋಲು 55, ದೋಣಿ 45, ಮೋಹರ್ 10, ದಿನಸಿ 20, ಪಬ್ 20. ಒಟ್ಟು 220. ಬೇಸಿಗೆಯ ನಡುವೆ ಹಾಸಿಗೆಯ ದರವೇ ಏರುವುದರಿಂದ ನಾಲ್ಕು ಹಾಸಿಗೆಯ ಎರಡು ಕೋಣೆಗಳನ್ನು ಮೊದಲೇ ಹಿಡಿದಿಡಿ. ಹೆಸರು ಕೊಡುವಾಗಲೇ 150 ಯೂರೋ ಮುಂಗಡ ಕೇಳುತ್ತೇವೆ, ತಮ್ಮ ಬದಲಿಗೆ ಯಾರನ್ನೂ ತರದೆ ಹಿಂದೆ ಸರಿದವರಿಗೆ ಅದು ವಾಪಸ್ ಇಲ್ಲ. ಉಳಿದ ಲೆಕ್ಕವನ್ನು ಭಾನುವಾರ ಗಾರ್ಟ್‌ನಲ್ಲಿ ಪೆಟ್ರೋಲ್ ತುಂಬಿಸಿದ ಮೇಲೆ, ರಸೀದಿಗಳು ಕೈಯಲ್ಲಿರುವಾಗಲೇ ಮುಗಿಸುತ್ತೇವೆ.