ಮಳೆಗಾಲದಲ್ಲೂ ನಿಲ್ಲದ ಅಭ್ಯಾಸ: ಶುರು ಮಾಡುವುದು ಹೇಗೆ?

ಜನವರಿಯ ಬೆಳಿಗ್ಗೆ ಮಂಗಳೂರಿನ ಕದ್ರಿ ಪಾರ್ಕಿಗೋ ಉಡುಪಿಯ ಅಜ್ಜರಕಾಡಿಗೋ ಹೋಗಿ ನೋಡಿ, ಹೊಸ ಶೂ ಹಾಕಿಕೊಂಡವರೇ ಜಾಸ್ತಿ. ಜೂನ್‌ನಲ್ಲಿ ಮಳೆ ಹಿಡಿಯಿತೋ, ಅದೇ ಶೂ ಮೂಲೆಯಲ್ಲಿ ಬೂಷ್ಟು ಹಿಡಿದು ಕೂರುತ್ತದೆ. ನಮ್ಮಲ್ಲಿ ವರ್ಷಕ್ಕೆ ನಾಲ್ಕು ತಿಂಗಳು ಮಳೆ. ಅದನ್ನು ಲೆಕ್ಕಕ್ಕೆ ಹಿಡಿಯದೆ ಶುರು ಮಾಡಿದ ಅಭ್ಯಾಸ ಕರಾವಳಿಯಲ್ಲಿ ಬಾಳುವುದು ಕಷ್ಟ.

ಮೊದಲ ಹೆಜ್ಜೆ, ಒಂದನ್ನೇ ಆರಿಸಿ. ವಾಕಿಂಗ್, ಯೋಗ, ಸಕ್ಕರೆ ಬಿಡುವುದು, ಬೇಗ ಮಲಗುವುದು ಎಲ್ಲವನ್ನೂ ಒಂದೇ ಸೋಮವಾರ ಹಿಡಿದವರು ಮುಂದಿನ ಸೋಮವಾರಕ್ಕೆ ಎಲ್ಲವನ್ನೂ ಬಿಟ್ಟಿರುತ್ತಾರೆ. ಆರಿಸಿದ್ದನ್ನೂ ನಗು ಬರುವಷ್ಟು ಚಿಕ್ಕದು ಮಾಡಿ. ಐದು ನಿಮಿಷದ ನಡಿಗೆ ಸಾಕು. ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷದ ಚುರುಕು ನಡಿಗೆಯಂಥ ವ್ಯಾಯಾಮ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಐದು ನಿಮಿಷ ಎಲ್ಲಿಗೆ ಸಾಲುತ್ತದೆ, ಅಲ್ವಾ? ಸಾಲುವುದಿಲ್ಲ. ಆದರೆ ಮೊದಲ ತಿಂಗಳು ಅದು ರೂಢಿಗೆ ಬಿದ್ದರೆ ಸಾಕು.

ಎರಡನೆಯದು, ದಿನಾ ತಪ್ಪದೆ ನಡೆಯುವ ಕೆಲಸಕ್ಕೆ ಅದನ್ನು ಗಂಟು ಹಾಕುವುದು. ‘ಟೈಮ್ ಸಿಕ್ಕಾಗ ಮಾಡ್ತೇನೆ’ ಅಂದರೆ ಟೈಮ್ ಸಿಗುವುದೇ ಇಲ್ಲ. ನಮ್ಮ ಊರಿಗೆ ಹೇಳಿ ಮಾಡಿಸಿದ ಕೆಲಸ ಒಂದಿದೆ: ಕುಚ್ಚಲಕ್ಕಿ ಬೇಯಿಸುವುದು. ತೆರೆದ ಪಾತ್ರೆಯಲ್ಲಿಟ್ಟರೆ ಮುಕ್ಕಾಲು ಗಂಟೆಯಾದರೂ ಬೇಕು. ಅಕ್ಕಿ ತೊಳೆದು ಕುದಿಯುವ ನೀರಿಗೆ ಹಾಕಿ, ಉರಿ ಸಣ್ಣ ಮಾಡಿ, ಅಂಗಳಕ್ಕೆ ಇಳಿಯಿರಿ. ಬಾವಿಕಟ್ಟೆಯಿಂದ ಗೇಟು, ಗೇಟಿನಿಂದ ಬಾವಿಕಟ್ಟೆ. ನಡುವೆ ಒಳಗೆ ಹೋಗಿ ಸೌಟಿನಲ್ಲಿ ನಾಲ್ಕು ಅಗುಳು ತೆಗೆದು ಹಿಸುಕಿ ನೋಡಿ. ಗಟ್ಟಿ ಇದ್ದರೆ ಇನ್ನೊಂದು ಸುತ್ತು! ಫ್ಲ್ಯಾಟಿನವರಿಗೆ ಪಾರ್ಕಿಂಗ್ ಜಾಗ ಬೇಡ, ಒಲೆ ಕಣ್ಣಳತೆಯಲ್ಲಿರಲಿ, ಹಾಲ್‌ನಲ್ಲೇ ನಡೆಯಿರಿ. ಅಡುಗೆಮನೆಗೆ ಕಾಲಿಡದ ಗಂಡಸರು ಇದನ್ನು ಮಾಡಿದರೆ ಮನೆಯವರಿಗೂ ಲಾಭ.

ಮೂರನೆಯದೇ ಮುಖ್ಯ. ಮಳೆ ಬಂದರೆ ಏನು ಅಂತ ಈಗಲೇ ತೀರ್ಮಾನಿಸಿ. ‘ಮಳೆ ಇದ್ದರೆ ಜಗಲಿಯಲ್ಲಿ ನಡೆಯುತ್ತೇನೆ’ ಎಂದು ಬರೆದು ಫ್ರಿಜ್‌ಗೆ ಅಂಟಿಸಿ. ‘ಹೀಗಾದರೆ ಹೀಗೆ’ ಎಂದು ಮೊದಲೇ ನಿಶ್ಚಯಿಸಿಕೊಂಡವರು ಅಂದುಕೊಂಡದ್ದನ್ನು ಮಾಡಿ ಮುಗಿಸುವುದು ಜಾಸ್ತಿ ಎಂದು ಮನಶ್ಶಾಸ್ತ್ರಜ್ಞ ಪೀಟರ್ ಗಾಲ್ವಿಟ್ಸರ್ 1999ರಲ್ಲೇ ಬರೆದಿದ್ದರು. ಕಾರಣ ಸರಳ. ಧೋ ಎಂದು ಸುರಿಯುವಾಗ ಯೋಚಿಸಲು ಕುಳಿತರೆ ಯಾರ ಮನಸ್ಸಾದರೂ ಚಾದ ಕಡೆಗೇ ಹೋಗುತ್ತದೆ.

ಚಾ ಅಂದಮೇಲೆ ಗೋಳಿಬಜೆ. ಅದನ್ನು ಬಿಡಿ ಎಂದು ಹೇಳುವ ಧೈರ್ಯ ನನಗಿಲ್ಲ. ಒಂದು ಪ್ಲೇಟನ್ನು ಇಬ್ಬರು ಹಂಚಿಕೊಳ್ಳಿ, ಅಷ್ಟೇ. ಊಟದ ವಿಷಯದಲ್ಲಿ ನಾನು ನೋಡುವುದು ಉಪ್ಪನ್ನು. ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚದೊಳಗೆ ಇರಬೇಕು. ಗಂಜಿಯ ಜೊತೆಗಿನ ಉಪ್ಪಿನಕಾಯಿ, ಹಪ್ಪಳ, ಒಣಮೀನು ಎಲ್ಲವೂ ಅದೇ ಲೆಕ್ಕಕ್ಕೆ ಬರುತ್ತದೆ. ಒಂದು ಹೊತ್ತು ಉಪ್ಪಿನಕಾಯಿ ಬದಲು ತಿಮರೆ (ಒಂದೆಲಗ) ಚಟ್ನಿ ಮಾಡಿ, ಹುಳಿ ಸ್ವಲ್ಪ ಮುಂದಿರಲಿ. ಉಪ್ಪು ಕಡಿಮೆಯಾದದ್ದು ನಾಲಿಗೆಗೆ ಅಷ್ಟಾಗಿ ಗೊತ್ತಾಗುವುದಿಲ್ಲ.

ನಿದ್ದೆಗೆ ಒಂದೇ ಮಾತು. ಮೊಬೈಲ್ ಚಾರ್ಜರ್ ಮಲಗುವ ಕೋಣೆಯಿಂದ ಹೊರಗಿರಲಿ.

ಕೊನೆಯದು, ಗೋಡೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕುವುದು. 21 ದಿನದಲ್ಲಿ ಅಭ್ಯಾಸ ಆಗುತ್ತದೆ ಎಂಬ ಮಾತನ್ನು ನಂಬಿ ಕೂರಬೇಡಿ. ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿದ್ದರು. ಅವರ ಲೆಕ್ಕದಲ್ಲಿ ಅಭ್ಯಾಸವಾಗಲು ಹೆಚ್ಚುಕಡಿಮೆ 66 ದಿನ ಬೇಕು. ಕೆಲವರಿಗೆ 18 ದಿನ ಸಾಕು, ಕೆಲವರಿಗೆ 254 ದಿನವೂ ಬೇಕಾದೀತು. ನಡುವೆ ಒಂದು ದಿನ ತಪ್ಪಿದರೆ ಏನೂ ಆಗುವುದಿಲ್ಲ ಎಂಬುದೂ ಅಲ್ಲೇ ಕಂಡುಬಂತು. ಹಾಗಾಗಿ ಮದುವೆಗೋ ಕೋಲಕ್ಕೋ ಹೋಗಿ ಒಂದು ದಿನ ಬಿಟ್ಟರೆ ಸುಮ್ನೆ ಬೇಜಾರು ಮಾಡಿಕೊಳ್ಳಬೇಡಿ, ಮರುದಿನ ಅಂಗಳಕ್ಕೆ ಇಳಿಯಿರಿ.

ತಿಂಗಳಾದ ಮೇಲೆ ಐದನ್ನು ಹತ್ತು ಮಾಡಿ. ಆಚೆಮನೆ ಅಕ್ಕನನ್ನೂ ಕರೆಯಿರಿ, ಮಾತಾಡುತ್ತಾ ಹತ್ತು ಇಪ್ಪತ್ತಾದದ್ದೇ ತಿಳಿಯುವುದಿಲ್ಲ. ಬಿಪಿ, ಶುಗರ್‌ಗೆ ಮಾತ್ರೆ ತೆಗೆದುಕೊಳ್ಳುವವರು, ಮಂಡಿ ನೋವಿರುವವರು ಜಾಸ್ತಿ ಮಾಡುವ ಮೊದಲು ಡಾಕ್ಟರನ್ನು ಒಮ್ಮೆ ಕೇಳಿಕೊಳ್ಳಿ.