ಮೊಲಕ್ಕೆ ಅಗಸೆ ಬೀಜ, ಜೊತೆಗೆ ವಿಟಮಿನ್ ಇ: ನನ್ನ ಅನುಭವ

ಅಂಕೋಲಾ ಹತ್ರ ನಮ್ಮ ತೋಟದಲ್ಲಿ ಮೊಲ ಸಾಕ್ತೇನೆ, ನ್ಯೂಜಿಲೆಂಡ್ ವೈಟು, ಸೋವಿಯತ್ ಚಿಂಚಿಲ್ಲಾ ತಳಿ ಎರಡೂ ಇದಾವೆ. ತೂಕ ಬರ್ಸೋಕೆ ಏನು ಹಾಕ್ಬೇಕು ಅಂತ ಎಲ್ರೂ ಕೇಳ್ತಾರೆ, ಮಾಂಸದ ಬಗ್ಗೆ ಕೇಳೋರು ಕಮ್ಮಿ, ಆದ್ರೆ ಗಿರಾಕಿ ಎರಡನೇ ಸಲ ಬರೋದು ಮಾಂಸ ನೋಡಿನೇ.

ಆಡು, ದನಕ್ಕೆ ಎಣ್ಣೆಕಾಳು ತಿನ್ಸಿದ್ರೆ ಮೆಲುಕು ಹಾಕೋ ಹೊಟ್ಟೆಯಲ್ಲೇ ಬ್ಯಾಕ್ಟೀರಿಯಾ ಆ ಕೊಬ್ಬಿನ ಗುಣ ಬದಲಾಯಿಸಿಬಿಡ್ತಾವೆ. ಮೊಲಕ್ಕೆ ಅಂಥ ಹೊಟ್ಟೆ ಇಲ್ಲ, ನಾರು ಹುದುಗೋದು ಹಿಂದೆ ದೊಡ್ಡ ಕರುಳಿನ ಕಡೆ, ಅಷ್ಟೊತ್ತಿಗೆ ಎಣ್ಣೆ ಅಂಶ ಸಣ್ಣ ಕರುಳಲ್ಲೇ ಹೀರಿ ಆಗಿರ್ತದೆ. ಹಂಗಾಗಿ ನೀವು ಯಾವ ಎಣ್ಣೆ ತಿನ್ನಿಸ್ತೀರೋ ಅದೇ ಮಾಂಸದಲ್ಲಿ ಕಾಣ್ತದೆ. ತೆಂಗಿನ ಹಿಂಡಿ ತಿಂದ ಮೊಲದ ಮೂತ್ರಪಿಂಡದ ಸುತ್ತಲಿನ ಕೊಬ್ಬು ಮುಟ್ಟಿದ್ರೆ ಗಟ್ಟಿ, ಅಗಸೆ ತಿಂದದ್ದು ಮೆತ್ತಗೆ. ಅಗಸೆಯಲ್ಲಿ ಒಮೆಗಾ-3 ಅನ್ನೋ ಒಳ್ಳೇ ಕೊಬ್ಬಿನ ಅಂಶ ಜಾಸ್ತಿ, ಅದು ಮಾಂಸಕ್ಕೂ ಬರ್ತದೆ, ಅದಕ್ಕೇ ನಾನು ಹಾಕೋದು.

ಆದ್ರೆ ಈ ಒಮೆಗಾ-3 ಗಾಳಿಗೆ ಬೇಗ ಕೆಡ್ತದೆ. ಅದಕ್ಕೆ ಮರಿಗಳನ್ನ ಎರಡು ಗುಂಪು ಮಾಡಿದೆ, ಒಂದಕ್ಕೆ ಬರೀ ಅಗಸೆ, ಇನ್ನೊಂದಕ್ಕೆ ಅಗಸೆ ಜೊತೆ ವಿಟಮಿನ್ ಇ, ಮಾಂಸ ಫ್ರೀಜರ್‌ನಲ್ಲಿಟ್ಟು ಆಮೇಲೆ ತೆಗೆದು ಬೇಯಿಸಿದ್ರೆ ಮೊದಲನೇದು ಹಳೇ ಎಣ್ಣೆ ಥರ ಕಮಟು ಹೊಡೀತಿತ್ತು, ಎರಡನೇದು ಚೆನ್ನಾಗೇ ಇತ್ತು, ಮನೇಲಿ ಅತ್ತೆಗೆ ಯಾವುದು ಯಾವುದು ಅಂತ ಹೇಳದೇ ಕೊಟ್ರೂ ಅವರು ಎರಡನೇದನ್ನೇ ಆರಿಸಿದ್ರು. ವಿಟಮಿನ್ ಇ ಮಾಂಸದ ಜೀವಕೋಶಗಳ ಪೊರೆಯಲ್ಲಿ ಕೂತು ಕೊಬ್ಬು ಕೆಡದಂಗೆ ಕಾಯ್ತದೆ. ಇದನ್ನ ಬದುಕಿರೋವಾಗ್ಲೇ ತಿನ್ನಿಸ್ಬೇಕು, ಕೊಯ್ದ ಮೇಲೆ ಸವರಿದ್ರೆ ಅಷ್ಟು ಒಳಗೆ ಹೋಗಲ್ಲ.

ಲೆಕ್ಕ ಇಷ್ಟೇ, ಒಂದು ಕೆಜಿ ಆಹಾರಕ್ಕೆ 200 ಮಿಲಿಗ್ರಾಂ ವಿಟಮಿನ್ ಇ. ಅರ್ಧ ಭಾಗ ವಿಟಮಿನ್ ಇ ಇರೋ 50 ಪರ್ಸೆಂಟ್ ಪುಡಿ ಸಿಕ್ರೆ 100 ಕೆಜಿಗೆ 40 ಗ್ರಾಂ. ಅಷ್ಟು ಸಣ್ಣ ಪುಡಿ ನೇರ ರಾಶಿಗೆ ಹಾಕಿದ್ರೆ ಒಂದೇ ಕಡೆ ಉಳಿತದೆ, ಮೊದ್ಲು ಒಂದು ಕೆಜಿ ಗೋಧಿ ಬೂಸಾದಲ್ಲಿ ಕಲಸಿ, ಅದನ್ನ ಹತ್ತು ಕೆಜಿಲಿ, ಆಮೇಲೆ ಪೂರ್ತಿ ರಾಶಿಗೆ. ಅಗಸೆ 100 ಕೆಜಿಗೆ 5 ಕೆಜಿ ಹಾಕ್ತೇನೆ, ಕೊಯ್ಯೋ ಮುಂಚಿನ ಕೊನೇ ಮೂರು ವಾರ ಮಾತ್ರ, ದುಡ್ಡೂ ಉಳಿತದೆ. ಅಗಸೆ ಪುಡಿ ಮಾಡಿಟ್ಟುಕೊಳ್ಳಬೇಡಿ ಮಾರಾಯ್ರೆ, ನಮ್ಮ ಮಳೆಗಾಲದ ಥಂಡಿಗೆ ಪುಡಿನೇ ಮೊದ್ಲು ಕಮಟಾಗ್ತದೆ, ಬೇಕಾದಷ್ಟೇ ಆಗಾಗ ಪುಡಿ ಮಾಡಿ. ಬೂಷ್ಟು ಬಂದ ಶೇಂಗಾ ಹಿಂಡಿಯಂತೂ ಬೇಡವೇ ಬೇಡ, ಅದರ ವಿಷ ಲಿವರಿಗೆ ಹೊಡೆತ.

ಕಾರವಾರದ ಕಡೆಯ ಒಬ್ರು ಕೇಳಿದ್ರು, ಒಮೆಗಾ-3 ಬೇಕಾದ್ರೆ ಮೀನೆಣ್ಣೆ ಹಾಕ್ಬಹುದಲ್ಲ, ನಮ್ಮಲ್ಲಿ ಮೀನಿಗೇನು ಬರ ಅಂತ. ಒಮೆಗಾ-3 ಏನೋ ಏರ್ತದೆ, ಆದ್ರೆ ಮಾಂಸಕ್ಕೆ ಮೀನು ವಾಸನೆ ಹಿಡಿದ್ರೆ ಮೊಲದ ಮಾಂಸ ತಗೊಳೋರು ಆಮೇಲೆ ಯಾಕೆ ಬರ್ತಾರೆ? ಏನೇ ಹಾಕಿದ್ರೂ ಹಸಿರು ಕಡಿಮೆ ಮಾಡ್ಬೇಡಿ, ಹಾಲುವಾಣದ ಸೊಪ್ಪು, ಹಲಸಿನ ಸೊಪ್ಪು, ಹುಲ್ಲು ದಿನಾ ಇರ್ಲಿ, ನಾರು ಕಮ್ಮಿಯಾದ್ರೆ ಮರಿಗಳಿಗೆ ಭೇದಿ ಶುರುವಾಗ್ತದೆ.